ಅತ್ತೆಯವರ ಬ್ರೇಕು

ಬಾಯೊಂದು ಗಟ್ಟಿ ಇದ್ದರೆ ಸಾಕು, ಕಾರು ಕಲಿಸುವುದಕ್ಕೆ ಕಾಲು ಬೇಕಾಗಿಲ್ಲ. ಇದು ನಾನೇ ಕಟ್ಟಿಕೊಂಡ ಗಾದೆ. ಕೇಳಿದವರಿಗೂ ಕೇಳದವರಿಗೂ ಅದನ್ನು ಹೇಳಿಕೊಂಡು ತಿರುಗಿದವನೂ ನಾನೇ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಮೇಷ್ಟ್ರು ಕೂರುವ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕ್ ಪೆಡಲ್ ಇರುತ್ತದೆ. ಅದಕ್ಕೂ ಕಲಿಯುವವರ ಪೆಡಲ್ಲಿಗೂ ನಡುವೆ ಕಬ್ಬಿಣದ ಸರಳಿನ ನಂಟು. ಅವರು ತುಳಿದರೆ ನನ್ನದೂ ಇಳಿಯುತ್ತದೆ, ನಾನು ತುಳಿದರೆ ಅವರದೂ ಇಳಿಯುತ್ತದೆ. ಆದರೆ ನಾನು ತುಳಿಯುವ ಪ್ರಸಂಗವೇ ಬರುವುದಿಲ್ಲ, ನನ್ನ ಪೆಡಲ್ಲಿಗೆ ಜೇಡ ಬಲೆ ಕಟ್ಟಿದೆ, ಬೇಕಾದರೆ ಬಂದು ನೋಡಿ ಅಂತ ಕೊಚ್ಚಿಕೊಳ್ಳುತ್ತಿದ್ದೆ. ಅದು ಪೂರ್ತಿ ಸುಳ್ಳೂ ಅಲ್ಲ. ನಾನು ಬಾಯಿಬಿಟ್ಟರೆ ಎಂಥವರ ಕಾಲೂ ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ಒಂದು ಸಲ ನಾಲ್ಕು ರಸ್ತೆ ಕೂಡುವ ಕಡೆ ಒಬ್ಬ ಹಲ್ಲಿನ ವೈದ್ಯರನ್ನು ಅಳಿಸಿಬಿಟ್ಟಿದ್ದೆ. ಅವರ ಕುರ್ಚಿಯಲ್ಲಿ ಕೂತು ಅತ್ತವರೆಲ್ಲರ ಪರವಾಗಿ ಸೇಡು ತೀರಿಸಿಕೊಂಡೆ ಅಂತ ಅದನ್ನೂ ಹೇಳಿಕೊಂಡು ನಗುತ್ತಿದ್ದೆ.

ಇಂಥವನ ಆಫೀಸಿಗೆ ಒಂದು ಬೆಳಿಗ್ಗೆ ನಮ್ಮ ಅತ್ತೆ, ಅಂದರೆ ಹೆಂಡತಿಯ ತಾಯಿ, ಬಂದು ನಿಂತರು. ಆಫೀಸು ಅಂದರೆ ಒಂದು ಮೇಜು, ಎರಡು ಕುರ್ಚಿ, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಚಾರ್ಟು, ತಲೆಯ ಮೇಲೆ ಕಿರ್ ಅನ್ನುವ ಫ್ಯಾನು. ನಾನು ಗಡಬಡಿಸಿ ಎದ್ದೆ. ಅವರು ಕೂರಲಿಲ್ಲ. ಗಿರಾಕಿಗಳು ನಿಲ್ಲುವ ಜಾಗದಲ್ಲೇ ನಿಂತು, ಚಾರ್ಟನ್ನು ನೋಡುತ್ತ, ತಮಗೂ ಕಾರು ಓಡಿಸುವುದನ್ನು ಕಲಿಸಬೇಕು ಅಂದರು.

ಅವರಿಗೆ ಅರವತ್ತು ದಾಟಿದೆ. ಆಯುಷ್ಯವೆಲ್ಲ ಹೊಲಿಗೆ ಮಷೀನಿನ ಮುಂದೆ ಕೂತು ಊರವರ ಬಟ್ಟೆ ಹೊಲಿದವರು. ಕಾರಿನ ಆಸೆ ಯಾಕೆ ಬಂತು ಅಂತ ನಾನು ಕೇಳುವ ಮೊದಲೇ ಅವರೇ ಹೇಳಿದರು.

"ನಿಮ್ಮ ಮಾವನ್ನ ಆಸ್ಪತ್ರೆಗೆ ನಾನೇ ಕರ್ಕೊಂಡು ಹೋಗಿ ನಾನೇ ಕರ್ಕೊಂಡು ಬರಬೇಕು, ಅಳಿಯಂದ್ರೇ. ನಾವಿಬ್ಬರೇ."

ಮಾವನವರ ಕಿಡ್ನಿ ಕೈಕೊಟ್ಟು ಒಂದು ವರ್ಷವಾಗಿತ್ತು. ವಾರಕ್ಕೆ ಮೂರು ಸಲ ಡಯಾಲಿಸಿಸ್. ರಕ್ತವನ್ನು ಮಷೀನಿಗೆ ಹರಿಸಿ, ತೊಳೆದು, ವಾಪಸ್ ಹಾಕಿ ಕಳಿಸುತ್ತಾರೆ. ಅವರದೇ ಒಂದು ಹಳೆಯ ಕಾರು ಹೊದಿಕೆ ಹೊದ್ದು ಮನೆ ಮುಂದೆ ನಿಂತಿತ್ತು. ಅದನ್ನು ತೆಗೆದು ಅವರಿಬ್ಬರನ್ನೂ ಕರೆದುಕೊಂಡು ಹೋಗಿ ಬರುತ್ತಿದ್ದವನು ನಾನು. ಒಂದು ದಿನವೂ ತಪ್ಪಿಸಿದವನಲ್ಲ. ಅಳಿಯ ಅಂದರೆ ಹೀಗಿರಬೇಕು ಅಂತ ಯಾರಾದರೂ ಅಂದರೆ ತಲೆ ತಗ್ಗಿಸುತ್ತಿದ್ದೆ, ಕಿವಿ ಮಾತ್ರ ಅಲ್ಲೇ ಇಟ್ಟಿರುತ್ತಿದ್ದೆ. ವಾಪಸ್ ಬರುವಾಗ ಮಾವನವರು ನನ್ನ ಪಕ್ಕದಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು ಪೇಪರಿನ ಸುದ್ದಿ ಮಾತಾಡುತ್ತಿದ್ದರು. ನನ್ನ ಜೊತೆ ಮಾತಾಡುತ್ತಿದ್ದರೆ ಮುದುಕರಿಗೆ ನೋವೇ ಗೊತ್ತಾಗುವುದಿಲ್ಲ ಅಂತ ನಾನು ಮನೆಯಲ್ಲಿ ಬಂದು ಹೇಳುತ್ತಿದ್ದೆ.

ಹಾಗಾಗಿ ಅತ್ತೆಯವರದು ಬರೀ ಸಂಕೋಚ, ಅಳಿಯನ ಹಂಗು ಬೇಡ ಅನ್ನುವ ಹಳೆಯ ಕಾಲದ ಬಿಗುಮಾನ ಅಂತ ತಿಳಿದುಕೊಂಡೆ. ನಾನಿರುವಾಗ ನಿಮಗ್ಯಾಕೆ ಈ ಕಷ್ಟ ಅಂದೆ. ಅವರು ಚಾರ್ಟಿನಿಂದ ಕಣ್ಣು ಕೀಳದೆ, ನಾಳೆ ಎಷ್ಟು ಹೊತ್ತಿಗೆ ಬರಲಿ ಅಂತ ಕೇಳಿದರು.

ಹೆಂಡತಿಗೆ ಹೇಳಿದೆ. ಅಮ್ಮ ಒಂದು ಹಿಡಿದರೆ ಬಿಡುವವಳಲ್ಲ, ಕಲಿಸಿ ಅಂದಳು. ಆಮೇಲೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ನಿಮ್ಮ ಆ ಬಾಯಿಯನ್ನು ನಮ್ಮಮ್ಮನ ಮೇಲೆ ಬಿಟ್ಟಿರೋ, ಅಂತ ಅರ್ಧಕ್ಕೆ ನಿಲ್ಲಿಸಿದಳು. ಉಳಿದರ್ಧ ನನಗೇ ಅರ್ಥವಾಯಿತು.

ಅಲ್ಲಿಗೆ ನನ್ನ ವಿದ್ಯೆಯೆಲ್ಲ ಮುಗಿಯಿತು. ಅತ್ತೆಯವರಿಗೆ ಬೈಯುವುದು ಹಾಗಿರಲಿ, ಜೋರಾಗಿ ಮಾತಾಡುವುದೂ ನನ್ನಿಂದ ಆಗದು. ಮದುವೆಯಾದಾಗಿನಿಂದ ಅವರ ಮುಂದೆ ನಾನು ಕಾಲ ಮೇಲೆ ಕಾಲು ಹಾಕಿ ಕೂತವನಲ್ಲ. ಅವರೂ ನನ್ನ ಹೆಸರು ಹಿಡಿದು ಕರೆದವರಲ್ಲ. ಬೇರೆ ಯಾರಾದರೂ ವಿದ್ಯುತ್ ಕಂಬದ ಕಡೆ ಹೊರಟರೆ ಒಂದೇ ಕೂಗು ಸಾಕಿತ್ತು. ಅತ್ತೆಯವರು ಹೊರಟರೆ, "ಅತ್ತೆ, ಒಂಚೂರು ಬ್ರೇಕ್ ಒತ್ತಿದ್ರೆ ಒಳ್ಳೇದಿತ್ತೇನೋ" ಅಂತ ಶುರು ಮಾಡುತ್ತಿದ್ದೆ. ವಾಕ್ಯ ಮುಗಿಯುವ ಹೊತ್ತಿಗೆ ಕಂಬ ಬಂದು ಹೋಗಿರುತ್ತಿತ್ತು. ಭಯವನ್ನೆಲ್ಲ ಒಳಗೇ ನುಂಗಿಕೊಳ್ಳುತ್ತಿದ್ದೆ. ಮುಖದಲ್ಲಿ ಮಾತ್ರ ನಗು. ಆಡಲಾರೆ, ಅನುಭವಿಸಲಾರೆ.

ಸ್ಕೂಲಿನ ಕಾರಿನಲ್ಲಿ ಪಾಠ ಶುರುವಾದ ಮೊದಲ ವಾರದಲ್ಲೇ ಅವರು ಹೇಳಿದರು, ಬ್ರೇಕು ಯಾಕೋ ತುಂಬಾ ಗಟ್ಟಿ, ಅಳಿಯಂದ್ರೇ, ಒತ್ತಿದರೆ ಇಳಿಯೋದೇ ಇಲ್ಲ. ನಾನು ಹೌದಾ ಅತ್ತೆ, ನೋಡೋಣ ಅತ್ತೆ ಅಂದೆ. ಮನಸ್ಸಿನಲ್ಲಿ ಅಂದುಕೊಂಡದ್ದು ಬೇರೆ: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ವಯಸ್ಸಾದ ಕಾಲು, ಶಕ್ತಿ ಇಲ್ಲ, ಗಾಡಿಯ ಮೇಲೆ ಹಾಕುತ್ತಿದ್ದಾರೆ. ಅವತ್ತಿನ ಮಟ್ಟಿಗೆ ನನ್ನ ತೀರ್ಮಾನ ಅಷ್ಟೇ.

ಆದರೂ ಹಿರಿಯರು ಹೇಳಿದ ಮೇಲೆ ನೋಡದೆ ಇರುವ ಹಾಗಿಲ್ಲ. ಬ್ರೇಕು ಗಟ್ಟಿಯಾದರೆ ಮೊದಲು ಅನುಮಾನ ಹೋಗುವುದು ಬೂಸ್ಟರಿನ ಮೇಲೆ. ಬಾನೆಟ್ ಎತ್ತಿದರೆ ಡ್ರೈವರ್ ಸೀಟಿನ ಮುಂಭಾಗಕ್ಕೆ ಎರಡು ಬಾಣಲೆ ಮುಖಾಮುಖಿ ಮಾಡಿ ಅಂಟಿಸಿದಂಥ ಒಂದು ಕಪ್ಪು ಡಬ್ಬಿ ಕಾಣುತ್ತದೆ, ಅದೇ. ಎಂಜಿನ್ನು ಗಾಳಿ ಎಳೆದುಕೊಳ್ಳುವ ಬಲವನ್ನು ಅದು ಒಂದು ಪೈಪಿನ ಮೂಲಕ ತೆಗೆದುಕೊಂಡು ನಮ್ಮ ಕಾಲಿನ ಬಲಕ್ಕೆ ಸೇರಿಸುತ್ತದೆ. ಅದು ಕೆಟ್ಟರೆ ಕಾಲೊಂದೇ ದುಡಿಯಬೇಕು, ಪೆಡಲ್ಲು ಕಲ್ಲಾಗುತ್ತದೆ. ಪರೀಕ್ಷೆ ಸುಲಭ. ಎಂಜಿನ್ ಆಫ್ ಮಾಡಿ ನಾಲ್ಕೈದು ಸಲ ಪೆಡಲ್ ತುಳಿದರೆ ಅದು ಗಟ್ಟಿಯಾಗುತ್ತದೆ. ಹಾಗೇ ಒತ್ತಿ ಹಿಡಿದು ಎಂಜಿನ್ ಶುರು ಮಾಡಬೇಕು. ಕಾಲ ಕೆಳಗೆ ಪೆಡಲ್ಲು ತಾನಾಗಿ ಸ್ವಲ್ಪ ಕುಸಿದರೆ ಬೂಸ್ಟರ್ ಸರಿ ಇದೆ, ಕುಸಿಯದಿದ್ದರೆ ಇಲ್ಲ. ನಾನು ಮಾಡಿ ನೋಡಿದೆ. ಚೆನ್ನಾಗಿ ಕುಸಿಯಿತು. ಬೀದಿಯ ತುದಿವರೆಗೆ ಓಡಿಸಿಕೊಂಡು ಹೋಗಿ ಬಂದೆ. ಬೆಣ್ಣೆಯ ಹಾಗಿತ್ತು.

ಮಾರನೆಯ ದಿನ ಅತ್ತೆಯವರು ಓಡಿಸಿದರು. ಗಟ್ಟಿ.

ನನಗೆ ಒಬ್ಬ ಮೆಕ್ಯಾನಿಕ್ ಗೆಳೆಯ ಇದ್ದಾನೆ. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಇಟ್ಟು ಹಿಡಿಯನ್ನು ಕಿವಿಗಿಟ್ಟುಕೊಂಡು ರೋಗ ಹೇಳುವವನಾದ್ದರಿಂದ ಅವನಿಗೆ ಕಿವಿಯಪ್ಪ ಅಂತಲೇ ಹೆಸರು ಬಿದ್ದಿದೆ. ಹತ್ತರಲ್ಲಿ ಆರು ಸಲ ಅವನು ಹೇಳಿದ್ದು ತಪ್ಪಾಗಿರುತ್ತದೆ, ಆದರೆ ಹೇಳುವ ಗತ್ತು ನೋಡಿದರೆ ಯಾರೂ ಎದುರು ಮಾತಾಡುವುದಿಲ್ಲ. ಅವನು ಕಣ್ಣು ಮುಚ್ಚಿ ಕೇಳಿ, ಬೂಸ್ಟರಿಗೆ ಹೋಗುವ ಪೈಪಿನ ಬುಡದಲ್ಲಿ ಬುಸ್ ಅಂತಿದೆ ಅಂದ. ನೋಡಿದರೆ ನಿಜವಾಗಿಯೂ ಕೂದಲೆಳೆಯಷ್ಟು ಬಿರುಕು. ಪೈಪು ಬದಲಾಯಿತು. ನಾನು ಹಳೆಯ ಪೈಪನ್ನು ಕಾಗದದಲ್ಲಿ ಸುತ್ತಿಕೊಂಡು ಹೋಗಿ ಅತ್ತೆಯವರಿಗೆ ತೋರಿಸಿ, ನೀವು ಹೇಳಿದ್ದು ಸರಿ ಅತ್ತೆ, ಇಲ್ಲಿತ್ತು ನೋಡಿ ಕಳ್ಳ ಅಂದೆ. ಅವರು ಪೈಪನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಒಳ್ಳೆಯದಾಯಿತು ಅಂದರು. ಕಾರು ಹತ್ತಿದರು, ಬ್ರೇಕ್ ತುಳಿದರು, ನನ್ನ ಮುಖ ನೋಡಿದರು. ಗಟ್ಟಿ.

ಆಮೇಲೆ ಪೈಪಿನ ಮಧ್ಯದ ವಾಲ್ವು. ಅದು ಗಾಳಿಯನ್ನು ಒಂದೇ ಕಡೆಗೆ ಬಿಡಬೇಕು. ಕಿವಿಯಪ್ಪ ಬಾಯಿಟ್ಟು ಊದಿದ, ಒಂದೇ ಕಡೆ ಹೋಯಿತು. ಸರಿ ಇದೆ, ಆದರೂ ಇರಲಿ ಅಂತ ಬದಲಾಯಿಸಿದ. ಆಮೇಲೆ ನಾಲ್ಕೂ ಚಕ್ರ ಬಿಚ್ಚಿದ. ಬ್ರೇಕ್ ಹಿಡಿಯುವ ಭಾಗಗಳು ತುಕ್ಕಿಗೆ ಕಚ್ಚಿಕೊಂಡಿರಬಹುದು ಅಂತ ಉಜ್ಜಿ, ಗ್ರೀಸು ಹಚ್ಚಿ ಕೂಡಿಸಿದ. ಕೊನೆಗೆ ಬೂಸ್ಟರನ್ನೇ ಕಿತ್ತು ಹೊಸದು ಹಾಕಿದ. ಪ್ರತಿ ಸಲವೂ ನಾವಿಬ್ಬರೂ ಓಡಿಸಿ ನೋಡಿದರೆ ಬೆಣ್ಣೆ. ನನ್ನ ಬೇರೆ ವಿದ್ಯಾರ್ಥಿಗಳಿಗೂ ಬೆಣ್ಣೆ. ಅತ್ತೆಯವರು ಕೂತರೆ ಬಂಡೆ.

ಗಾಡಿಗೆ ನಿಮ್ಮತ್ತೆ ಕಂಡರೆ ಆಗೋದಿಲ್ಲ ಅಂತ ಕಿವಿಯಪ್ಪ ತೀರ್ಪು ಕೊಟ್ಟ.

ನಾನು ಬೇರೆ ಚಿಕಿತ್ಸೆ ಶುರು ಮಾಡಿದೆ. ಗಾಡಿ ಮೆತ್ತಗಾಗದಿದ್ದರೆ ಕಾಲನ್ನಾದರೂ ಗಟ್ಟಿ ಮಾಡೋಣ ಅಂತ ಅತ್ತೆಯವರಿಗೆ, ದಿನಾ ಕುರ್ಚಿಯಲ್ಲಿ ಕೂತು ಬಲಗಾಲನ್ನು ಗೋಡೆಗೆ ಒತ್ತಿ ಹಿಡಿಯಿರಿ ಅಂತ ವ್ಯಾಯಾಮ ಹೇಳಿಕೊಟ್ಟೆ. ಅವರು ಮರುಮಾತಿಲ್ಲದೆ ಮಾಡಿದರು. ಹೆಂಡತಿ ತವರಿಗೆ ಹೋದಾಗ ಅವಳಮ್ಮ ಹುರುಳಿಕಾಯಿ ಬಿಡಿಸುವಷ್ಟು ಶ್ರದ್ಧೆಯಿಂದ ಗೋಡೆ ತಳ್ಳುತ್ತ ಕೂತಿದ್ದರಂತೆ. ಮನೆಗೆ ಬಂದು ನನ್ನನ್ನು ಚೆನ್ನಾಗಿ ಜಾಡಿಸಿದಳು. ನಮ್ಮಮ್ಮ ನಲವತ್ತು ವರ್ಷ ಮಷೀನು ತುಳಿದವಳು, ಆ ಕಾಲಲ್ಲಿ ಇಲ್ಲದ ಶಕ್ತಿ ನಿಮ್ಮ ಈ ಹೊಟ್ಟೆಯಲ್ಲಿದೆಯಾ ಅಂದಳು. ನಾನು ಹೊಟ್ಟೆ ಒಳಗೆಳೆದುಕೊಂಡೆ.

ಲೈಸೆನ್ಸ್ ಟೆಸ್ಟಿನ ದಿನ ಬಂತು. ಟೆಸ್ಟಿನಲ್ಲಿ ನಾನು ಕೂರುವ ಹಾಗಿಲ್ಲ, ನನ್ನ ಸೀಟಿನಲ್ಲಿ ಪರೀಕ್ಷೆ ಮಾಡುವ ಸಾಹೇಬರು ಕೂರುತ್ತಾರೆ. ನಾನು ಕಾಂಪೌಂಡಿನ ಗೋಡೆಗೆ ಒರಗಿಕೊಂಡು ನಿಂತೆ. ಅತ್ತೆಯವರು ಅಚ್ಚುಕಟ್ಟಾಗಿ ಓಡಿಸಿದರು. ಗೇರ್ ಸರಿ, ಕನ್ನಡಿ ನೋಡಿದ್ದು ಸರಿ, ತಿರುವಿನಲ್ಲಿ ಕೈ ಹೊರಳಿಸಿದ್ದು ನಾನು ಕಲಿಸಿದ್ದಕ್ಕಿಂತ ಚೆನ್ನಾಗಿತ್ತು. ಬಿಳಿ ಗೆರೆಯ ಹತ್ತಿರ ನಿಲ್ಲಿಸಿ ಅಂದರಂತೆ ಸಾಹೇಬರು. ಅತ್ತೆಯವರು ಇಷ್ಟು ದಿನದ ಅಭ್ಯಾಸದಂತೆ, ಗೋಡೆ ತಳ್ಳಿ ಬಲಿತ ಕಾಲಿನಿಂದ, ಮೈಯ ಬಲವನ್ನೆಲ್ಲ ಹಾಕಿ ಬ್ರೇಕು ತುಳಿದರು. ಕಾರು ನಿಂತ ಜಾಗದಲ್ಲೇ ಕುಕ್ಕರಿಸಿತು. ಸಾಹೇಬರ ಪೆನ್ನು ಹಾರಿ ಗಾಜಿಗೆ ಬಡಿಯಿತು. ಕನ್ನಡಕ ಮೂಗಿನಿಂದ ಇಳಿದು ಡ್ಯಾಶ್‌ಬೋರ್ಡಿನ ಮೇಲೆ ಕೂತಿತು. ಅವರು ಇಳಿದು ಬಂದು, ಕತ್ತಿನ ಹಿಂಭಾಗವನ್ನು ನೀವಿಕೊಳ್ಳುತ್ತ, ಈ ಅಮ್ಮ ಕಾರು ನಿಲ್ಲಿಸುವುದಿಲ್ಲ ಕಣ್ರೀ, ಕೊಲ್ಲುತ್ತಾರೆ ಅಂತ ನನಗೆ ಹೇಳಿದರು. ಇಷ್ಟು ಮೆತ್ತಗಿರುವ ಬ್ರೇಕನ್ನು ಹೀಗಾ ತುಳಿಯುವುದು, ಇದಾ ನೀವು ಕಲಿಸಿದ್ದು ಅಂತಲೂ ಕೇಳಿದರು. ನಪಾಸು. ಮುಂದಿನ ತಿಂಗಳು ಬನ್ನಿ.

ವಾಪಸ್ ಬರುವಾಗ ನಾನು ಓಡಿಸಿದೆ. ಅತ್ತೆಯವರು ಹಿಂದಿನ ಸೀಟಿನಲ್ಲಿ ಕೂತಿದ್ದರು. ಕನ್ನಡಿಯಲ್ಲಿ ನೋಡಿದರೆ ಕಣ್ಣು ತುಂಬಿಕೊಂಡಿತ್ತು. ಇನ್ನೂ ಒಂದು ತಿಂಗಳು, ಅಂತ ತಮಗೆ ತಾವೇ ಅಂದುಕೊಂಡರು. ನನ್ನ ಇಪ್ಪತ್ತು ವರ್ಷದ ಮೇಷ್ಟ್ರಿಕೆಯಲ್ಲಿ ಎಷ್ಟೋ ಜನ ನಪಾಸಾಗಿದ್ದಾರೆ, ಯಾರೂ ಹೀಗೆ ಕೂತದ್ದು ನೋಡಿರಲಿಲ್ಲ. ನನಗೆ ಬೇಜಾರಾದರೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ಯಾರಾದರೂ ಸಿಗಬೇಕು. ಕಾರನ್ನು ನೇರ ಕಿವಿಯಪ್ಪನ ಗ್ಯಾರೇಜಿಗೆ ತಿರುಗಿಸಿದೆ.

ಅವನ ಮೇಲೆ ಎಗರಿದೆ. ಏನು ಮಾಡಿಟ್ಟಿದ್ದೀಯೋ ಗಾಡಿಗೆ, ಕನ್ನಡಕ ಹಾರಿಹೋಗೋ ಹಾಗೆ ಹಿಡಿಯುತ್ತೆ ಅಂತ ಕೂಗಾಡಿದೆ. ನಿನ್ನೆವರೆಗೂ ಗಟ್ಟಿ ಅಂತಿದ್ದೆ, ಇವತ್ತು ಮೆತ್ತಗೆ ಅಂತೀಯ, ಮೊದಲು ನಿನ್ನ ತಲೆ ಬಿಚ್ಚಬೇಕು ಅಂತ ಅವನೂ ಶುರು ಮಾಡಿದ. ಗ್ಯಾರೇಜಿನ ಹಿಂದಿನ ಅಂಗಳದಲ್ಲಿ ನಾವಿಬ್ಬರೂ ಹೀಗೆ ಕಾದಾಡುತ್ತಿರುವಾಗ ಅತ್ತೆಯವರು ಕಾರಿನಿಂದ ಇಳಿದು, ಮುಂದೆ ಬಂದು ಸ್ಟೀರಿಂಗಿನ ಹಿಂದೆ ಕೂತರು. ಕಿವಿಯಪ್ಪನನ್ನು ಕರೆದು, ನೀವು ನನ್ನ ಪಕ್ಕ ಕೂತ್ಕೊಳ್ಳಿ, ಅಳಿಯಂದ್ರು ಹಿಂದೆ ಕೂತ್ಕೊಳ್ಳಲಿ ಅಂದರು. ನಾವು ಬಾಯಿಮುಚ್ಚಿ ಕೂತೆವು.

ಅವರು ಅಂಗಳದ ಆ ತುದಿಗೆ ಹೋಗಿ ಬ್ರೇಕು ತುಳಿದರು. ಕಾರು ಮುಗ್ಗರಿಸಿತು. ವಾಪಸ್ ಬಂದು ಮತ್ತೆ ಹೋದರು. ಈ ಸಲ ಸ್ವಲ್ಪ ಮೆಲ್ಲಗೆ ತುಳಿದರು, ಸ್ವಲ್ಪ ಮೆಲ್ಲಗೆ ನಿಂತಿತು. ಇನ್ನೊಂದು ಸಲ ಹೋದಾಗ ನಿಂತದ್ದೇ ಗೊತ್ತಾಗಲಿಲ್ಲ. ಆಮೇಲೆ ಅವರು ಹಿಂದಕ್ಕೆ ತಿರುಗದೆ, ಈಗ ಅಳಿಯಂದ್ರು ಮುಂದೆ ಬರಲಿ ಅಂದರು.

ನಾನು ಮುಂದೆ ಬಂದು ಕೂತೆ, ಕಿವಿಯಪ್ಪ ಹಿಂದೆ ಹೋದ. ಕಾರು ಹೊರಟಿತು. ಅಂಗಳದ ಕೊನೆಯ ಗೋಡೆ ಹತ್ತಿರ ಬರತೊಡಗಿತು. ಅತ್ತೆ, ಬ್ರೇಕು ಒಂಚೂರು, ಅಂತ ನಾನು ಶುರು ಮಾಡುವಷ್ಟರಲ್ಲಿ ಅವರು ತುಳಿದರು. ಕಾರು ಗೋಡೆಗೆ ಮೂಗು ತಗುಲಿಸುವಷ್ಟು ಹತ್ತಿರ ಹೋಗಿ ನಿಂತಿತು.

"ಗಟ್ಟಿ," ಅಂದರು ಅತ್ತೆಯವರು.

ಕಿವಿಯಪ್ಪ ಎರಡು ಸೀಟಿನ ನಡುವೆ ತಲೆ ತೂರಿಸಿ ಕೆಳಗೆ ಟಾರ್ಚು ಬಿಟ್ಟ. ಆಮೇಲೆ ಅವನ ಗಂಟಲಿನಿಂದ ಒಂದು ವಿಚಿತ್ರ ಸದ್ದು ಬಂತು.

"ಲೋ ಮೇಷ್ಟ್ರೇ, ಕಾಲು ಅಲ್ಲಾಡಿಸಬೇಡ. ಹಾಗೇ ಬಗ್ಗಿ ನೋಡು."

ನಾನು ಬಗ್ಗಿ ನೋಡಿದೆ. ನನ್ನ ಬಲಗಾಲಿನ ಬೂಟಿನ ತುದಿ ನನ್ನ ಬ್ರೇಕ್ ಪೆಡಲ್ಲಿನ ಮೇಲೆ ಇರಲಿಲ್ಲ. ಅದರ ಕೆಳಗಿತ್ತು. ಹಿಮ್ಮಡಿ ನೆಲಕ್ಕೆ ಊರಿ, ಬೆರಳುಗಳನ್ನೆಲ್ಲ ಮೇಲೆತ್ತಿ, ಪೆಡಲ್ಲನ್ನು ತಲೆಯ ಮೇಲೆ ಹೊತ್ತುಕೊಂಡವನ ಹಾಗೆ ನನ್ನ ಕಾಲು ನಿಂತಿತ್ತು. ಒಮ್ಮೆ ಒಬ್ಬ ವಿದ್ಯಾರ್ಥಿ ನನ್ನ ಪಾದಕ್ಕೆ ಚಕ್ರ ಹತ್ತಿಸಿದ ಮೇಲೆ ನಾನು ಮುಂದುಗಡೆ ಕಬ್ಬಿಣದ ಟೊಪ್ಪಿಗೆ ಇರುವ ಬೂಟು ಹಾಕುತ್ತೇನೆ, ಹಾಗಾಗಿ ಪೆಡಲ್ಲು ಬಂದು ಕೂತದ್ದೂ ಬೆರಳಿಗೆ ತಿಳಿಯುತ್ತಿರಲಿಲ್ಲ. ಬೇರೆಯವರ ಪಾಠದಲ್ಲಿ ನನ್ನ ಭಯವೆಲ್ಲ ಬಾಯಿಂದ ಹೊರಗೆ ಹೋಗುತ್ತಿತ್ತು. ಅತ್ತೆಯವರ ಪಾಠದಲ್ಲಿ ಬಾಯಿಗೆ ಬೀಗ. ಭಯ ಕಾಲಿಗಿಳಿದಿತ್ತು. ಬ್ರೇಕಿಗೆ ತಯಾರಾಗಿರೋಣ ಅಂತ ಕಾಲು ಎತ್ತಿ ಎತ್ತಿ, ಮುಂದೆ ಜರುಗಿ ಜರುಗಿ, ಪೆಡಲ್ಲಿನ ಅಡಿಗೇ ಹೋಗಿ ಸೇರಿಕೊಂಡಿತ್ತು. ಅವರು ಅತ್ತ ಕೆಳಕ್ಕೆ ತುಳಿಯುವುದು, ನಾನು ಇತ್ತ ಮೇಲಕ್ಕೆ ಎತ್ತುವುದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಅದರಲ್ಲಿ ಕೋಣ ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವನು, ಸುಮ್ಮನೆ ಹುಡುಕದೆ, ಊರಿನ ಪೈಪು ವಾಲ್ವು ಬೂಸ್ಟರನ್ನೆಲ್ಲ ಬಿಚ್ಚಿ ಹಾಕಿದ್ದೆ.

ಕಿವಿಯಪ್ಪ ಕಾರಿನಿಂದ ಇಳಿದು, ಹೊಟ್ಟೆ ಹಿಡಿದುಕೊಂಡು, ಗ್ಯಾರೇಜಿನ ಮುಂದಿನ ರಸ್ತೆಗೆ ಹೋದ. ಯಾರಿಗೆ ಮೊದಲು ಹೇಳಲಿ ಅಂತ ಹುಡುಕಿಕೊಂಡು ಹೋದದ್ದು ಅವನ ಬೆನ್ನು ನೋಡಿದರೇ ತಿಳಿಯುತ್ತಿತ್ತು.

ನಾನೂ ಅತ್ತೆಯವರೂ ಗೋಡೆ ನೋಡುತ್ತ ಕೂತೆವು. ನನ್ನ ಮುಖ ಎಲ್ಲಿ ಇಟ್ಟುಕೊಳ್ಳಲಿ ಅಂತ ಗೊತ್ತಾಗಲಿಲ್ಲ. ನಿಮಗೆ ಮೊದಲೇ ಗೊತ್ತಿತ್ತಾ ಅತ್ತೆ ಅಂತ ಕೇಳಿದೆ. ಅವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಅನುಮಾನ ಇತ್ತು ಅಂದರು. ಮಷೀನು ಹಳತಾಗಿ ಬಿಗಿಯಾದರೆ ಅದರ ಗಟ್ಟಿತನ ಒಂದೇ ಸಮ ಇರುತ್ತದಂತೆ. ಮಗಳು ಚಿಕ್ಕವಳಿದ್ದಾಗ ಮಷೀನಿನ ಕೆಳಗೆ ಕೂತು ತುಳಿಯುವ ಹಲಗೆಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದಳಂತೆ, ಆಗಿನ ಗಟ್ಟಿತನ ಬೇರೆ, ಅದರಲ್ಲಿ ಜೀವ ಇರುತ್ತದಂತೆ. ಕಾರಿನ ಪೆಡಲ್ಲಿನಲ್ಲೂ ಹಾಗೇ ಜೀವ ಇದೆ ಅಂತ ಎರಡನೇ ವಾರದಲ್ಲೇ ಅನಿಸಿತ್ತಂತೆ. ಹಾಗಾದರೆ ಹೇಳಬಾರದಿತ್ತಾ ಅಂದೆ.

"ಹೇಗೆ ಹೇಳೋದು? ಅಳಿಯಂದ್ರೇ, ನಿಮ್ಮ ಕಾಲು ತೆಗೀರಿ ಅಂತಲಾ?"

ಅವರ ರೀತಿಯಲ್ಲಿ ಹೇಳಿದ್ದರು. ಕಾಲು ಚಾಚಿ ಆರಾಮಾಗಿ ಕೂತ್ಕೊಳ್ಳಿ ಅಂತ ಎಷ್ಟು ಸಲ ಅಂದಿದ್ದರೋ. ಪ್ರತಿ ಸಲವೂ ನಾನು, ಅಯ್ಯೋ ಪರವಾಗಿಲ್ಲ ಅತ್ತೆ, ಅಂತ ಇನ್ನಷ್ಟು ಮುದುಡಿ ಕೂತಿದ್ದೆ. ನನ್ನ ಮರ್ಯಾದೆ ಅವರನ್ನು ನಪಾಸು ಮಾಡಿತ್ತು, ಅವರ ಮರ್ಯಾದೆ ನನ್ನ ಹೊಸ ಬೂಸ್ಟರಿಗೆ ದಾರಿಯಾಗಿತ್ತು.

ಅಷ್ಟಕ್ಕೆ ಸುಮ್ಮನಿದ್ದರೆ ನಾನು ನಾನಾಗುತ್ತಿರಲಿಲ್ಲ. ಮುಖ ಉಳಿಸಿಕೊಳ್ಳುವುದಕ್ಕೆ ದೊಡ್ಡತನದ ಮಾತಿಗೆ ಇಳಿದೆ. ಹೋಗಲಿ ಬಿಡಿ ಅತ್ತೆ, ಒಂದು ತಿಂಗಳು ತಾನೇ, ಅಲ್ಲಿವರೆಗೆ ನಾನಿಲ್ಲವಾ, ಒಂದು ವರ್ಷ ಕರೆದುಕೊಂಡು ಹೋದವನಿಗೆ ಒಂದು ತಿಂಗಳು ಭಾರವಾ ಅಂದೆ.

ಅವರು ಅವತ್ತು ಮೊದಲ ಸಲ ನನ್ನ ಕಡೆ ತಿರುಗಿದರು.

"ನಿಮಗೆ ಭಾರ ಅಂತಲ್ಲ, ಅವರಿಗೆ. ಆ ಮಷೀನಿಂದ ಎದ್ದರೆ ನಿಲ್ಲೋಕೂ ಆಗಲ್ಲ ಅವರಿಗೆ. ಆದರೂ ಹೊರಗೆ ಬರೋ ಮುಂಚೆ ಅಂಗಿ ಗುಂಡಿ ಹಾಕು, ಅಳಿಯಂದ್ರು ಇರ್ತಾರೆ ಅಂತಾರೆ. ದಾರಿಯುದ್ದಕ್ಕೂ ನೆಟ್ಟಗೆ ಕೂತು ನಿಮ್ಮ ಜೊತೆ ಪೇಪರಿನ ಮಾತಾಡ್ತಾರೆ. ಮನೆ ಬಾಗಿಲು ಹಾಕಿದ್ದೇ ತಡ, ಬಿದ್ದುಬಿಡ್ತಾರೆ. ನಾವಿಬ್ಬರೇ ಆದ್ರೆ ದಾರಿಯಲ್ಲಾದ್ರೂ ಬಾಯಿಬಿಟ್ಟು ನರಳಿಕೊಂಡು ಬರಲಿ ಅಂತ."

ಪೇಪರಿನ ಸುದ್ದಿಗೆ ನಾನು ಕೊಡುತ್ತಿದ್ದ ಉದ್ದುದ್ದ ಉತ್ತರಗಳು ನೆನಪಾದವು. ಕೆಲವು ಸಲ ಮಾತು ಮುಗಿಯಲಿ ಅಂತ ಸುತ್ತು ದಾರಿಯಲ್ಲಿ ಕರೆದುಕೊಂಡು ಬಂದದ್ದೂ ನೆನಪಾಯಿತು. ಕಣ್ಣು ಉರಿಯಿತು. ಗ್ಯಾರೇಜಿನ ಹೊಗೆ ಅಂತ ಹೇಳಬಹುದಿತ್ತು, ಆದರೆ ಹೊಗೆ ಇರಲಿಲ್ಲ.

ಅತ್ತೆಯವರೇ ಸಮಾಧಾನ ಮಾಡುವ ಹಾಗೆ, ಭಯ ಆದರೆ ಬೈದುಬಿಡಿ ಅಳಿಯಂದ್ರೇ, ಕಾಲಲ್ಲಿ ಮಾತ್ರ ಬೈಬೇಡಿ ಅಂದರು.

ಮಾರನೆಯ ದಿನದಿಂದ ನಾನು ಬೂಟು ಬಿಚ್ಚಿ, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಬೀದಿಯವರು ನಿಂತು ನೋಡಿದರು. ಕಿವಿಯಪ್ಪನ ಪ್ರಚಾರದಿಂದ ಎಲ್ಲರಿಗೂ ಕಾರಣ ಗೊತ್ತಿತ್ತು. ಮೊದಲ ತಿರುವಿನಲ್ಲಿ ಒಬ್ಬ ಸೈಕಲ್ಲಿನವನು ಅಡ್ಡ ಬಂದಾಗ ನನ್ನ ಬಾಯಿಂದ ಅಷ್ಟು ದಿನ ತಡೆದದ್ದೆಲ್ಲ ಒಟ್ಟಿಗೆ ಹೊರಗೆ ಬಂತು. ಎಲ್ಲಿ ನೋಡ್ತಿದ್ದೀರಿ, ತುಳೀರಿ ಬ್ರೇಕು ಅಂತ ಗದರಿದೆ. ಗದರಿದವನೇ ನಾಲಿಗೆ ಕಚ್ಚಿಕೊಂಡೆ. ಅತ್ತೆಯವರು ಮೆಲ್ಲಗೆ ತುಳಿದು, ನಿಲ್ಲಿಸಿ, ಹಾಂ, ಈಗ ಕಲಿಸ್ತಿದ್ದೀರಿ ಅಂದರು. ಆಮೇಲೆ ದಿನಾ ಬೈದೆ. ದಿನಾ ಅವರ ಕಾಲು ಹಗುರವಾಗುತ್ತ ಬಂತು. ಗೋಡೆ ತಳ್ಳುವುದನ್ನು ನಿಲ್ಲಿಸಿ ಅಂತ ನಾನು ಹೇಳಬೇಕಾಗಲಿಲ್ಲ, ಹೆಂಡತಿ ಹೇಳಿಬಿಟ್ಟಿದ್ದಳು.

ಆ ತಿಂಗಳೆಲ್ಲ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಪೇಪರಿನ ಮಾತು ಬಂದರೆ ಹೂಂ ಅನ್ನುತ್ತಿದ್ದೆ ಅಷ್ಟೆ, ಹತ್ತಿರದ ದಾರಿ ಹಿಡಿಯುತ್ತಿದ್ದೆ. ನಿಮಗೆ ಹುಷಾರಿಲ್ಲವಾ ಅಂತ ಮಾವನವರೇ ನನ್ನನ್ನು ವಿಚಾರಿಸಿಕೊಂಡರು. ಒರಗಿಕೊಳ್ಳಿ ಮಾವ ಅಂದರೆ, ಪರವಾಗಿಲ್ಲ ಪರವಾಗಿಲ್ಲ ಅಂತ ಇನ್ನಷ್ಟು ನೆಟ್ಟಗಾಗುತ್ತಿದ್ದರು. ಅದು ನನ್ನಿಂದ ರಿಪೇರಿಯಾಗುವ ಕೆಲಸವಲ್ಲ ಅಂತ ತಿಳಿಯಿತು.

ಮರುಪರೀಕ್ಷೆಗೆ ಅದೇ ಸಾಹೇಬರು ಬಂದರು. ಕೂರುವ ಮೊದಲೇ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. ಇಳಿಯುವಾಗ ಅದನ್ನು ಮತ್ತೆ ಹಾಕಿಕೊಂಡು ಅತ್ತೆಯವರನ್ನು ಸರಿಯಾಗಿ ನೋಡಿ, ಪಾಸು ಅಂದರು. ಅತ್ತೆಯವರು ನನಗೆ ಕೈಮುಗಿಯಲು ಬಂದರು. ನಾನು ಹಿಂದಕ್ಕೆ ಸರಿದು ಕಾಂಪೌಂಡಿನ ಗೋಡೆಗೆ ತಲೆ ಚಚ್ಚಿಕೊಂಡೆ.

ಅವರಿಬ್ಬರೇ ಮೊದಲ ಸಲ ಆಸ್ಪತ್ರೆಗೆ ಹೋದ ದಿನ ನಾನು ಪಾಠ ಇದೆ ಅಂತ ಮನೆಯಲ್ಲಿ ಸುಳ್ಳು ಹೇಳಿ ಸ್ಕೂಟರಿನಲ್ಲಿ ಹೊರಟೆ. ನೋಡಬಾರದು ಅಂತ ಗೊತ್ತಿತ್ತು. ಆದರೂ ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯ ಗೇಟಿನ ಪಕ್ಕ ನಿಂತ ಆಂಬುಲೆನ್ಸಿನ ಮರೆಯಲ್ಲಿ ಕಳ್ಳನ ಹಾಗೆ ನಿಂತಿದ್ದೆ. ಅವರು ಹೊರಗೆ ಬಂದರು. ಮಾವನವರು ಅಂಗಿಯ ಗುಂಡಿಯನ್ನು ಕತ್ತಿನವರೆಗೆ ಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು, ಅಭ್ಯಾಸಬಲದಿಂದ ನಾನು ಕಾರು ನಿಲ್ಲಿಸುವ ಕಡೆ ನೋಡಿದರು. ಅತ್ತೆಯವರು ಅವರ ಕಿವಿಯಲ್ಲಿ ಏನೋ ಅಂದರು. ಅವರು ಮತ್ತೊಮ್ಮೆ ಸುತ್ತ ನೋಡಿದರು. ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಹೆಂಡತಿಯ ಹೆಗಲ ಮೇಲೆ ಮೈಯೆಲ್ಲ ಬಿಟ್ಟುಬಿಟ್ಟರು. ಅತ್ತೆಯವರು ಅವರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಕಾಲು ಮಡಿಸಿ, ಬಾಗಿಲು ಹಾಕಿದರು.

ಅವರ ಹಳೆಯ ಕಾರು ನಿಧಾನವಾಗಿ ಗೇಟಿನ ಕಡೆ ಬಂತು. ಗೇಟಿನ ಮುಂದೆ ರಸ್ತೆಗೆ ಉಬ್ಬು ಹಾಕಿದ್ದಾರೆ. ಅತ್ತೆಯವರು ಅದರ ಮುಂದೆ ಬ್ರೇಕು ತುಳಿದರು, ನೀರಿನ ಮೇಲೆ ಕೈಯಿಟ್ಟ ಹಾಗೆ. ಕಿಟಕಿ ತೆಗೆದಿತ್ತು. ಒಳಗಿನಿಂದ ಯಾರೋ ಅಮ್ಮಾ, ಅಮ್ಮಾ, ಅಂತ ಬಾಯಿತುಂಬ ನರಳುವುದು ಕೇಳಿಸಿತು. ಒಂದು ವರ್ಷ ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಓಡಿಸಿದ ನನಗೆ, ಅದು ಮಾವನವರ ದನಿ ಅಂತ ತಿಳಿಯುವುದಕ್ಕೆ ಒಂದು ಗಳಿಗೆ ಹಿಡಿಯಿತು.